ಒಂದೊಂದು ಸುದ್ದಿನೂ ನಿಜ, ಒಟ್ಟು ಲೆಕ್ಕ ಮಾತ್ರ ಸುಳ್ಳು – ಕೊಲೆ ಸುದ್ದಿ ನೋಡಿ ನೋಡಿ ನಮ್ ತಲೇಲಿ ಏನಾಗ್ತಿದೆ?

ಒಂಟಿಸೇತುವೆ

ಬಹಳ ದಿನದಿಂದ ತಲೇಲಿ ಓಡ್ತಿತ್ತು, ಇವತ್ತು ಬರೆದೇಬಿಡ್ತೀನಿ. ಉದ್ದ ಆಗತ್ತೆ, ಬೈಕೋಬೇಡಿ.

ನಮ್ಮಮ್ಮ ಈಗೀಗ ಕತ್ತಲಾದ್ಮೇಲೆ ಬಾಗ್ಲು ತೆಗೆಯೋದೇ ಇಲ್ಲ. ಯಾರಾದ್ರೂ ಬೆಲ್ ಮಾಡಿದ್ರೆ ಮೊದ್ಲು ನಂಗೆ ಫೋನ್ ಮಾಡಿ "ಯಾರೋ ಬಂದಿದಾರೆ ಕಣೋ" ಅಂತ ಪಿಸುಗುಡ್ತಾರೆ, ನಾನಿರೋದು ಇನ್ನೊಂದು ಊರಲ್ಲಿ, ನಾನೇನ್ ಮಾಡ್ಲಿ ಅಲ್ಲಿಂದ! ಎಪ್ಪತ್ತು ವರ್ಷದಲ್ಲಿ ಅವ್ರ ಮೇಲೆ ಯಾರೂ ಕೈ ಎತ್ತಿಲ್ಲ, ಅಕ್ಕಪಕ್ಕದಲ್ಲೂ ಅಂಥದ್ದೇನೂ ನಡೆದಿಲ್ಲ. ಬದಲಾಗಿರೋದು ಒಂದೇ, ಅಪ್ಪ ಹೋದ್ಮೇಲೆ ಮನೇಲಿ ಮಾತಿಗೆ ಯಾರೂ ಇಲ್ಲ ಅಂತ ನ್ಯೂಸ್ ಚಾನೆಲ್ ಬೆಳಗಿಂದ ರಾತ್ರಿವರೆಗೂ ಓಡ್ತಾನೇ ಇರತ್ತೆ. "ಕಾಲ ಕೆಟ್ಟೋಯ್ತು" ಅನ್ನೋ ಮಾತು ದಿನಕ್ಕೆ ಹತ್ತು ಸಲ.

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ಗೊತ್ತಾಯ್ತು. ಜಾರ್ಜ್ ಗರ್ಬ್ನರ್ ಅಂತ ಅಮೆರಿಕದ ಪ್ರೊಫೆಸರ್ ಒಬ್ರು ಟಿವಿಲಿ ಬರೋ ಹಿಂಸೆನ ವರ್ಷಗಟ್ಲೆ ಕೂತು ಎಣಿಸಿದವ್ರು, ಜಾಸ್ತಿ ಟಿವಿ ನೋಡೋರಿಗೆ ಜಗತ್ತು ಇರೋದಕ್ಕಿಂತ ಕ್ರೂರವಾಗಿ ಕಾಣತ್ತೆ ಅಂತ ಹೇಳಿದ್ರು. ಅದಕ್ಕೆ ಅವ್ರು ಕೊಟ್ಟ ಹೆಸರು ಮೀನ್ ವರ್ಲ್ಡ್ ಸಿಂಡ್ರೋಮ್, ನಮ್ ಮಾತಲ್ಲಿ "ದುಷ್ಟ ಲೋಕದ ಕಾಯಿಲೆ" ಅನ್ನಬಹುದೇನೋ. ಅಮ್ಮನ್ನ ನೋಡಿಯೇ ಹೆಸರಿಟ್ಟಂಗಿದೆ.

ನಂಗೆ ತಲೆ ಕೆಟ್ಟಿದ್ದು ಏನು ಅಂದ್ರೆ, ಚಾನೆಲ್‌ನವ್ರು ಸುಳ್ಳು ಹೇಳ್ತಿಲ್ಲ! ತೋರಿಸಿದ ಕೊಲೆ ನಡೆದಿದ್ದೇ, ಸತ್ತಿದ್ದು ನಿಜವಾದ ಮನುಷ್ಯನೇ. ಆದ್ರೆ ನಡೆದಿದ್ರಲ್ಲಿ ಯಾವುದನ್ನ ಆರಿಸ್ತಾರೆ, ಎಷ್ಟು ಸಲ ತೋರಿಸ್ತಾರೆ ಅನ್ನೋದ್ರಲ್ಲೇ ಎಲ್ಲಾ ಇದೆ. 1979ರಲ್ಲಿ ಕೋಂಬ್ಸ್ ಮತ್ತೆ ಸ್ಲೋವಿಕ್ ಅಂತ ಇಬ್ರು ಅಮೆರಿಕದ ಎರಡು ಪೇಪರ್ ತಗೊಂಡು ಯಾವ ಸಾವಿನ ಬಗ್ಗೆ ಎಷ್ಟು ಬರ್ದಿದಾರೆ ಅಂತ ಲೆಕ್ಕ ಹಾಕಿದ್ರು. ಕಾಯಿಲೆಯಿಂದ ಸಾಯೋರು ಕೊಲೆಯಾಗೋರಿಗಿಂತ ಸುಮಾರು 100 ಪಟ್ಟು ಜಾಸ್ತಿ, ಆದ್ರೆ ಪೇಪರಲ್ಲಿ ಕೊಲೆ ಬಗ್ಗೆ ಬಂದ ಬರಹ ಎಲ್ಲಾ ಕಾಯಿಲೆ ಸೇರಿಸಿದ್ರೂ ಅದರ ಮೂರು ಪಟ್ಟು. ಜನರನ್ನ ಕೇಳಿದ್ರೆ ಅವ್ರ ಅಂದಾಜೂ ಪೇಪರ್ ಕಡೆಗೇ ವಾಲಿತ್ತು.

ಅವ್ರು ಎಣಿಸಿದ್ದು ಬರೀ ಪೇಪರ್, ಈಗ ಟಿವಿ ಇಪ್ಪತ್ನಾಲ್ಕು ಗಂಟೆ. ನಿಮ್ ಮನೇಲೂ ಹಿಂಗೇನಾ?

ಸುಮ್ನೆ_ಓದುಗ

ನಮ್ಮಪ್ಪ ಸೇಮ್. ಒಂದೇ ವ್ಯತ್ಯಾಸ, ಅವ್ರು ಬಾಗ್ಲು ತೆಗೀತಾರೆ, ಕೈಲಿ ಕೋಲು ಇಟ್ಕೊಂಡು. ಕೊರಿಯರ್ ಹುಡ್ಗ ಈಗ ಗೇಟಲ್ಲೇ ಇಟ್ಟು ಓಡ್ತಾನೆ.

ಹಳೇ_ಕ್ರೈಂಬೀಟ್

ಹತ್ತು ವರ್ಷ ಅಪರಾಧ ಸುದ್ದಿ ಬರ್ದವನು ನಾನು, ಈಗ ಬಿಟ್ಟಿದೀನಿ, ಒಳಗಿನ ಕಥೆ ಸ್ವಲ್ಪ ಹೇಳ್ತೀನಿ.

ಪಿತೂರಿ ಗಿತೂರಿ ಏನಿಲ್ಲ ಸ್ವಾಮಿ, ಸೋಮಾರಿತನ ಮತ್ತೆ ಡೆಡ್‌ಲೈನ್ ಅಷ್ಟೇ. ಕೊಲೆ ಅಂದ್ರೆ ರೆಡಿಮೇಡ್ ಸುದ್ದಿ. ಜಾಗ ಇದೆ, ಅಳೋ ಮನೆಯವ್ರು ಇದಾರೆ, ಪೊಲೀಸ್ ಹೇಳಿಕೆ ಇದೆ, ವಿಡಿಯೋ ಇದೆ. ನೀರು ಕಲುಷಿತ ಆಗಿ ಜನ ಸಾಯೋ ಸುದ್ದಿ ಮಾಡೋಕೆ ಮೂರು ವಾರ ಓಡಾಡ್ಬೇಕು, ಲ್ಯಾಬ್ ರಿಪೋರ್ಟ್ ಬೇಕು, ಯಾರೋ ಕೇಸ್ ಹಾಕ್ತಾರೆ ಅಂತ ಲಾಯರ್ ಹತ್ರ ತೋರಿಸ್ಬೇಕು. ಕೊಲೆ ಸುದ್ದಿಗೆ ಒಂದು ಠಾಣೆಗೆ ಒಂದು ಫೋನ್ ಸಾಕು. ಠಾಣೆಯಲ್ಲಿ ಹೇಳಿದ್ದೇ ಸುದ್ದಿ, ಯಾಕಂದ್ರೆ ನಾಳೆನೂ ಅವ್ರಿಗೇ ಫೋನ್ ಮಾಡ್ಬೇಕಲ್ಲ, ಎದುರು ಹಾಕ್ಕೊಂಡ್ರೆ ನಾಳೆ ಫೋನ್ ಎತ್ತಲ್ಲ.

ಅಲೆ ಎಬ್ಬಿಸೋದು ಇನ್ನೂ ಸುಲಭ. ಎರಡು ಸರಗಳ್ಳತನ ಒಂದೇ ದಿನ ಬಂತು ಅಂದ್ಕೊಳ್ಳಿ, ಎಡಿಟರ್ "ಸರಣಿ" ಅನ್ನೋ ಪದ ಹಾಕ್ತಾರೆ. ಆ ಪದ ಒಂದು ಸಲ ಬಿತ್ತು ಅಂದ್ರೆ ಮುಗೀತು, ನಿನ್ನೆವರೆಗೂ ನಾಲ್ಕು ಸಾಲಲ್ಲಿ ಒಳಪುಟಕ್ಕೆ ಹೋಗ್ತಿದ್ದ ಸುದ್ದಿ ನಾಳೆ "ಮುಂದುವರಿದ ಅಟ್ಟಹಾಸ" ಆಗಿ ಮುಖಪುಟಕ್ಕೆ ಬರತ್ತೆ, ಬೇರೆ ಪೇಪರ್‌ನವ್ರು ನಮ್ಮನ್ನ ನೋಡಿ ಅವ್ರೂ ಹಾಕ್ತಾರೆ, ನಾವು ಅವ್ರನ್ನ ನೋಡಿ "ಅಯ್ಯೋ ಜಾಸ್ತಿ ಆಗ್ತಿದೆ" ಅಂತ ಇನ್ನೊಂದು ಹಾಕ್ತೀವಿ. ಇದು ಹೊಸದೂ ಅಲ್ಲ. 1890ರ ದಶಕದಲ್ಲಿ ನ್ಯೂಯಾರ್ಕಲ್ಲಿ ಲಿಂಕನ್ ಸ್ಟೆಫೆನ್ಸ್ ಅನ್ನೋ ವರದಿಗಾರ ಎದುರಾಳಿ ಪತ್ರಕರ್ತರ ಜೊತೆ ಪೈಪೋಟಿಗೆ ಬಿದ್ದು ನಾನೇ ಒಂದು ಅಪರಾಧದ ಅಲೆ ಎಬ್ಬಿಸಿದ್ದೆ ಅಂತ ಆತ್ಮಕಥೇಲಿ ಬರ್ಕೊಂಡಿದಾನೆ. ಊರಲ್ಲಿ ಕಳ್ಳತನ ಜಾಸ್ತಿ ಆಗಿರ್ಲಿಲ್ಲ, ಪೇಪರಲ್ಲಿ ಜಾಸ್ತಿ ಆಗಿತ್ತು. ಆಗ ಪೊಲೀಸ್ ಕಮಿಷನರ್ ಆಗಿದ್ದ ಥಿಯೋಡರ್ ರೂಸ್‌ವೆಲ್ಟ್ ಕರೆಸಿ ಕೇಳಿದ್ಮೇಲೆ ಬರೆಯೋದು ನಿಲ್ಸಿದ್ರು, ಅಲೆನೂ ನಿಂತೋಯ್ತು!

ಅದೇ ಊರಲ್ಲಿ 1976ರಲ್ಲಿ ಮತ್ತೆ ಇದೇ ಆಟ, ಈ ಸಲ "ವೃದ್ಧರ ಮೇಲೆ ದಾಳಿ" ಅಂತ. ಮಾರ್ಕ್ ಫಿಶ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞ ಆಗ ಒಂದು ಟಿವಿ ಸುದ್ದಿಮನೇಲೇ ಕೂತು ನೋಡ್ತಿದ್ರು. ಏಳು ವಾರ ಸುದ್ದಿಯೋ ಸುದ್ದಿ. ಪೊಲೀಸ್ ಅಂಕಿಅಂಶ ತೆಗೆದು ನೋಡಿದ್ರೆ ವೃದ್ಧರ ಕೊಲೆ ಹಿಂದಿನ ವರ್ಷಕ್ಕಿಂತ ಶೇ. 19 ಕಡಿಮೆ ಆಗಿತ್ತು.

@ಒಂಟಿಸೇತುವೆ, ಅಮ್ಮಂಗೆ ಬುದ್ಧಿ ಹೇಳೋಕೆ ಹೋಗ್ಬೇಡಿ, ಕೆಲ್ಸ ಆಗಲ್ಲ. ಒಂದು ದಿನ ಪೆನ್ನು ಪೇಪರ್ ಕೊಟ್ಟು ಎಣಿಸೋಕೆ ಹೇಳಿ. ಕೊಲೆ ಎಷ್ಟು, ತೋರಿಸಿದ್ದು ಎಷ್ಟು ಸಲ.

ಲೆಕ್ಕದ_ಮಾಸ್ಟ್ರು

ಚೆನ್ನಾಗಿದೆ, ಆದ್ರೆ ಎಲ್ಲಾದಕ್ಕೂ ತಲೆ ಆಡಿಸ್ಬೇಡಿ. ಟಿವಿ ಜಾಸ್ತಿ ನೋಡೋರಿಗೆ ಭಯ ಜಾಸ್ತಿ ಅಂದ್ರೆ ಟಿವಿಯಿಂದ್ಲೇ ಭಯ ಬಂತು ಅಂತ ಅರ್ಥ ಅಲ್ಲ. ಭಯ ಇರೋರೇ ಹೊರಗೆ ಹೋಗದೆ ಮನೇಲಿ ಕೂತು ಟಿವಿ ನೋಡ್ತಿರಬಹುದಲ್ಲ? ಟೊರೊಂಟೋದಲ್ಲಿ ಡೂಬ್ ಮತ್ತೆ ಮ್ಯಾಕ್‌ಡೊನಾಲ್ಡ್ 1979ರಲ್ಲೇ ಈ ಪ್ರಶ್ನೆ ಎತ್ತಿದ್ರು, ಆಯಾ ಏರಿಯಾದಲ್ಲಿ ನಿಜವಾಗ್ಲೂ ಎಷ್ಟು ಅಪರಾಧ ಇದೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡ್ರೆ ಗರ್ಬ್ನರ್ ಹೇಳಿದ ಸಂಬಂಧ ಹೆಚ್ಚುಕಮ್ಮಿ ಮಾಯ ಆಯ್ತು. ಅಪಾಯದ ಏರಿಯಾದಲ್ಲಿರೋರು ಟಿವಿನೂ ಜಾಸ್ತಿ ನೋಡ್ತಿದ್ರು, ಹೆದರ್ತಾನೂ ಇದ್ರು, ಅಷ್ಟೇ.

ಇನ್ನೊಂದು. "ಅಪರಾಧ ಕಡಿಮೆ ಆಗ್ತಿದೆ, ಜನ ಸುಮ್ನೆ ಹೆದರ್ತಾರೆ" ಅನ್ನೋದು ಯಾವಾಗ್ಲೂ ನಿಜ ಅಲ್ಲ. 2020ರಲ್ಲಿ ಅಮೆರಿಕದಲ್ಲಿ ಕೊಲೆ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಶೇ. 30 ಏರ್ತು. ಆಗ ಹೆದರಿದವ್ರಿಗೆ ಏನ್ ಹೇಳ್ತೀರಾ, ಟಿವಿ ಆಫ್ ಮಾಡಿ ಅಂತಾನಾ?

ಒಂಟಿಸೇತುವೆ

ಮಾಸ್ಟ್ರೇ, 2020ರ ಮಾತು ಒಪ್ಪಿದೆ. ಆದ್ರೆ ಅದೇ ದೇಶದ ಉದ್ದದ ಲೆಕ್ಕ ನೋಡಿ. 1993ರಿಂದ 2022ರೊಳಗೆ ಎಫ್‌ಬಿಐ ಲೆಕ್ಕದ ಹಿಂಸಾತ್ಮಕ ಅಪರಾಧದ ಪ್ರಮಾಣ ಸುಮಾರು ಅರ್ಧಕ್ಕೆ ಇಳೀತು. 1993ರಿಂದ 2023ರೊಳಗೆ ಗ್ಯಾಲಪ್ ಅನ್ನೋ ಸರ್ವೇ ಸಂಸ್ಥೆಯವ್ರು 27 ಸಲ ಜನರನ್ನ ಕೇಳಿದಾರೆ, 23 ಸಲ ನೂರಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಜನ "ದೇಶದಲ್ಲಿ ಹೋದ ವರ್ಷಕ್ಕಿಂತ ಅಪರಾಧ ಜಾಸ್ತಿ ಆಗಿದೆ" ಅಂದಿದಾರೆ. ಮಜಾ ಏನು ಅಂದ್ರೆ "ನಿಮ್ ಏರಿಯಾದಲ್ಲಿ?" ಅಂತ ಕೇಳಿದ್ರೆ ಅಷ್ಟು ಜನ ಹೌದು ಅನ್ನಲ್ಲ. ಬ್ರಿಟನ್ ಸರ್ವೇಲೂ ಇದೇ ಕಥೆ. ನಮ್ ಬೀದಿ ಪರ್ವಾಗಿಲ್ಲ, ದೇಶ ಹಾಳಾಗೋಯ್ತು! ಬೀದಿ ಕಣ್ಣಲ್ಲಿ ನೋಡಿದ್ದು, ದೇಶ ಟಿವಿಲಿ ನೋಡಿದ್ದು.

ಟಿವಿ ಮೊದ್ಲಾ ಭಯ ಮೊದ್ಲಾ ಅನ್ನೋದಕ್ಕೆ ಉತ್ತರ ಹುಡುಕ್ತಿದೀನಿ.

ಮಳೆಬಿಲ್ಲು77

ಅದಕ್ಕೆ ಉತ್ತರ ಇದೆ. ಇಟಲಿ. ಅಲ್ಲಿ ಹಳೇ ಟಿವಿ ಸಿಗ್ನಲ್ ತೆಗೆದು ಡಿಜಿಟಲ್ ಮಾಡಿದ್ದು ಒಂದೇ ದಿನ ಅಲ್ಲ, 2008ರಿಂದ 2012ರವರೆಗೆ ಒಂದೊಂದು ಪ್ರದೇಶಕ್ಕೆ ಒಂದೊಂದು ಸಲ. ಡಿಜಿಟಲ್ ಬಂದ ಕಡೆ ಚಾನೆಲ್ ಜಾಸ್ತಿ ಆಯ್ತು, ಜನ ಹಳೇ ದೊಡ್ಡ ಚಾನೆಲ್‌ಗಳನ್ನ, ಅಂದ್ರೆ ಅಪರಾಧ ಸುದ್ದಿ ತುಂಬಾ ತೋರಿಸ್ತಿದ್ದ ಬರ್ಲುಸ್ಕೋನಿ (ಅಲ್ಲಿ ಪ್ರಧಾನಿಯಾಗಿದ್ದ ಟಿವಿ ಮಾಲೀಕ) ಕಡೆ ಚಾನೆಲ್‌ಗಳನ್ನ, ನೋಡೋದು ಕಡಿಮೆ ಮಾಡಿದ್ರು. ಮಾಸ್ಟ್ರೊರೊಕ್ಕೊ ಮತ್ತೆ ಮಿನಾಲೆ ಅಂತ ಇಬ್ರು ಸಂಶೋಧಕರು 2018ರಲ್ಲಿ ತೋರಿಸಿದ್ದು ಏನಂದ್ರೆ, ಸಿಗ್ನಲ್ ಬದಲಾದ ಕಡೆ ಅಪರಾಧದ ಬಗ್ಗೆ ಜನರ ಚಿಂತೆನೂ ಇಳೀತು, ಅದ್ರಲ್ಲೂ ವಯಸ್ಸಾದವ್ರಲ್ಲಿ. ಸಿಗ್ನಲ್ ಯಾವಾಗ ಬರ್ಬೇಕು ಅಂತ ನಿರ್ಧಾರ ಮಾಡಿದ್ದು ಹೆದರಿದವ್ರಲ್ಲ, ಸರ್ಕಾರ. ಹಂಗಾಗಿ ಮಾಸ್ಟ್ರ "ಹೆದರೋರೇ ಟಿವಿ ನೋಡ್ತಾರೆ" ವಾದ ಇಲ್ಲಿ ನಡೆಯಲ್ಲ.

ಲೆಕ್ಕದ_ಮಾಸ್ಟ್ರು

ಸರಿ, ಇದು ಗಟ್ಟಿ ಇದೆ. ಸೋತೆ, ಅರ್ಧ.

ಗುಬ್ಬಚ್ಚಿಗೂಡು

ನೀವೆಲ್ಲ ಎಷ್ಟು ಭಯ ಅನ್ನೋದ್ರ ಬಗ್ಗೆನೇ ಮಾತಾಡ್ತಿದೀರ, ಯಾರ ಭಯ ಅಂತ ಒಬ್ರೂ ಕೇಳಿಲ್ಲ.

ಹುಡ್ಗಿಯಾಗಿ ಬೆಳೆದೋರು ಎಲ್ರೂ ಕೇಳಿರೋದು ಇದೇ: ಕತ್ತಲಲ್ಲಿ ಒಬ್ಳೇ ಹೋಗ್ಬೇಡ, ಗುರುತಿಲ್ಲದೋರ ಹತ್ರ ಮಾತಾಡ್ಬೇಡ, ಬೇಗ ಮನೆ ಸೇರ್ಕೋ. ಸುದ್ದಿಲೂ ಅದೇ, ನಿರ್ಜನ ರಸ್ತೆ, ಅಪರಿಚಿತ, ಮುಸುಕುಧಾರಿ. ವಿಶ್ವಸಂಸ್ಥೆಯ ಅಪರಾಧ ವಿಭಾಗದವ್ರು 2017ರ ಲೆಕ್ಕ ಕೊಟ್ಟಿದಾರೆ. ಆ ವರ್ಷ ಜಗತ್ತಲ್ಲಿ ಕೊಲೆಯಾದ ಹೆಂಗಸರು ಸುಮಾರು 87,000. ಅದ್ರಲ್ಲಿ ಸುಮಾರು 50,000 ಜನರನ್ನ ಕೊಂದಿದ್ದು ಗಂಡ, ಪ್ರೇಮಿ, ಇಲ್ಲಾ ಮನೆಯವ್ರೇ. ಬೇಗ ಮನೆ ಸೇರ್ಕೋ ಅಂತೆ!

ಒಟ್ಟು ಕೊಲೆಯಾಗೋರಲ್ಲಿ ಐದಕ್ಕೆ ನಾಲ್ಕು ಜನ ಗಂಡಸ್ರು. ಆದ್ರೆ ಗಂಡಸಿನ ಕೊಲೆ ಸುದ್ದಿ ಆಗ್ಬೇಕಂದ್ರೆ ಅವ್ನು ರೌಡಿ ಆಗಿರ್ಬೇಕು ಇಲ್ಲಾ ದೊಡ್ಡ ಮನುಷ್ಯ ಆಗಿರ್ಬೇಕು. ಹೆಂಗಸಿನ ಕೊಲೆ ಸುದ್ದಿ ಆಗ್ಬೇಕಂದ್ರೆ ಚಂದದ ಫೋಟೋ ಇರ್ಬೇಕು. ಅಮೆರಿಕದಲ್ಲಿ ಗ್ವೆನ್ ಐಫಿಲ್ ಅನ್ನೋ ಪತ್ರಕರ್ತೆ 2004ರಲ್ಲಿ ಇದಕ್ಕೆ "ಕಾಣೆಯಾದ ಬಿಳಿ ಹೆಣ್ಣಿನ ಸಿಂಡ್ರೋಮ್" ಅಂತ ವ್ಯಂಗ್ಯವಾಗಿ ಹೆಸರಿಟ್ರು. ಬಿಳಿ ಹುಡ್ಗಿ ಕಾಣೆಯಾದ್ರೆ ದೇಶಾನೇ ಹುಡುಕತ್ತೆ, ಕಪ್ಪು ಹುಡ್ಗಿ ಕಾಣೆಯಾದ್ರೆ ಅವಳಮ್ಮ ಹುಡುಕ್ತಾಳೆ.

ಇನ್ನು ನಮ್ ಭಾಷೆ ತಲೆಬರಹ ನೋಡಿ. "ಶೀಲ ಶಂಕಿಸಿ ಪತ್ನಿ ಹತ್ಯೆ". ಮೂರ್ನಾಲ್ಕು ಪದ, ಕೊಂದವನ ಕಾರಣ ಮೊದಲ್ನೇ ಪದ, ಕೊಂದವನೇ ನಾಪತ್ತೆ! ಓದಿದ ತಕ್ಷಣ ತಲೆಗೆ ಬರೋ ಪ್ರಶ್ನೆ "ಅವಳ ಶೀಲ ಹೆಂಗಿತ್ತೋ". "ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಚಾಕು ಇರಿತ", ನಿರಾಕರಿಸಿದ್ದು ಅವಳು, ಇರಿತ ತಾನಾಗೇ ಆಯ್ತು. "ಪತ್ನಿಯನ್ನು ಕೊಂದ ಪತಿ" ಅಂತ ಬರೆಯೋಕೆ ಜಾಗ ಇಲ್ವಾ? @ಹಳೇ_ಕ್ರೈಂಬೀಟ್ ನೀವೇ ಹೇಳಿ.

ಹಳೇ_ಕ್ರೈಂಬೀಟ್

ಜಾಗ ಇತ್ತು. ನಾನೇ ಬರ್ದಿದೀನಿ "ಶೀಲ ಶಂಕಿಸಿ", ಒಂದಲ್ಲ ಎಷ್ಟೋ ಸಲ. ಪೊಲೀಸ್ ಟಿಪ್ಪಣೀಲಿ ಹಂಗೇ ಇರ್ತಿತ್ತು, ಆರೋಪಿ ಹೇಳಿದ್ದನ್ನ ಪೊಲೀಸ್ರು ಬರ್ಕೊಂಡ್ರು, ಪೊಲೀಸ್ರು ಬರ್ದಿದ್ದನ್ನ ನಾನು ಬರ್ದೆ. ಅಂದ್ರೆ ಕೊಂದವನ ಸಬೂಬು ನನ್ನ ತಲೆಬರಹ ಆಗ್ತಿತ್ತು. ಆಗ ಒಂದ್ಸಲನೂ ಹೊಳೀಲಿಲ್ಲ, ನಿಜ ಹೇಳ್ತೀನಿ.

ನೇರಮಾತು

ಎಲ್ಲಾ ಮಾಧ್ಯಮದ ತಲೆಗೇ ಕಟ್ತಿದೀರ. ಹಂಗಾದ್ರೆ ತೋರಿಸಲೇಬಾರ್ದಾ? ಮಾಧ್ಯಮ ಬೆನ್ನು ಹತ್ತಿದ್ದಕ್ಕೇ ಎಷ್ಟು ಕೇಸಲ್ಲಿ ನ್ಯಾಯ ಸಿಕ್ಕಿದೆ. ಲಂಡನ್ನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಅನ್ನೋ ಕಪ್ಪು ಹುಡುಗನ್ನ ಬಸ್ ಸ್ಟಾಪ್ ಹತ್ರ ಇರಿದು ಕೊಂದ್ರು, ಪೊಲೀಸ್ರು ಕೇಸ್ ಹಳ್ಳ ಹಿಡಿಸಿದ್ರು. 1997ರಲ್ಲಿ ಡೈಲಿ ಮೇಲ್ ಪತ್ರಿಕೆ ಐದು ಜನರ ಫೋಟೋ ಮುಖಪುಟದಲ್ಲಿ ಹಾಕಿ "ಕೊಲೆಗಾರರು" ಅಂತಾನೇ ಬರೀತು, ತಪ್ಪಾಗಿದ್ರೆ ನಮ್ ಮೇಲೆ ಕೇಸ್ ಹಾಕಿ ಅಂತ ಸವಾಲು ಹಾಕ್ತು. 1999ರ ವಿಚಾರಣಾ ವರದಿ ಲಂಡನ್ ಪೊಲೀಸ್ ಇಲಾಖೇಲಿ ಸಾಂಸ್ಥಿಕ ವರ್ಣಭೇದ ಇದೆ ಅಂತು, ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಇಲ್ಲ ಅನ್ನೋ ಹಳೇ ಕಾನೂನೇ ಸಡಿಲ ಆಯ್ತು, 2012ರಲ್ಲಿ ಇಬ್ರಿಗೆ ಶಿಕ್ಷೆ ಆಯ್ತು. ಪೇಪರ್ ಸುಮ್ನಿದ್ದಿದ್ರೆ?

ಅಂಕಿಅಂಶಾನೂ ದೇವರ ವಾಕ್ಯ ಅಲ್ಲ. ಠಾಣೆಗೆ ಹೋದದ್ದು, ಅಲ್ಲಿ ಬರ್ಕೊಂಡಿದ್ದು ಅಷ್ಟೇ ಅಂಕಿ ಆಗತ್ತೆ. ಅತ್ಯಾಚಾರ, ಮನೆಯೊಳಗಿನ ಹೊಡೆತ ಎಷ್ಟು ಹೊರಗೆ ಬರತ್ತೆ? ಅಂಕಿ ಏರ್ತು ಅಂದ್ರೆ ಕೆಲವು ಸಲ ಜನಕ್ಕೆ ದೂರು ಕೊಡೋ ಧೈರ್ಯ ಬಂದಿದೆ ಅಂತಾನೂ ಅರ್ಥ.

ಮಳೆಬಿಲ್ಲು77

@ನೇರಮಾತು ಲಾರೆನ್ಸ್ ಕೇಸ್ ಒಳ್ಳೆ ಉದಾಹರಣೆ, ಒಪ್ತೀನಿ. ಆದ್ರೆ ಅದೇ ಧೈರ್ಯ ತಪ್ಪು ಮನುಷ್ಯನ ಮೇಲೆ ಬಿದ್ರೆ?

1996ರ ಅಟ್ಲಾಂಟಾ ಒಲಿಂಪಿಕ್ಸ್. ರಿಚರ್ಡ್ ಜ್ಯುವೆಲ್ ಅನ್ನೋ ಸೆಕ್ಯುರಿಟಿ ಗಾರ್ಡ್ ಪಾರ್ಕಲ್ಲಿ ಬಾಂಬ್ ಇದ್ದ ಬ್ಯಾಗ್ ನೋಡಿ ಪೊಲೀಸ್ರಿಗೆ ಹೇಳಿ ಜನರನ್ನ ದೂರ ಕಳಿಸಿದ. ಮೂರು ದಿನ ಹೀರೋ. ಆಮೇಲೆ ಎಫ್‌ಬಿಐ ಇವನನ್ನೇ ಅನುಮಾನಿಸ್ತಿದೆ ಅಂತ ಒಳಗಿಂದ ಸುದ್ದಿ ಸೋರ್ತು, ದೇಶದ ಕ್ಯಾಮೆರಾ ಎಲ್ಲಾ ಅವ್ನ ಅಮ್ಮನ ಮನೆ ಮುಂದೆ. ಒಂಟಿ, ದಪ್ಪ, ಅಮ್ಮನ ಜೊತೆ ಇರ್ತಾನೆ, ಪೊಲೀಸ್ ಆಗೋ ಆಸೆ ಇತ್ತು, ಎಲ್ಲಾನೂ "ಸಾಕ್ಷಿ" ಆಯ್ತು! 88 ದಿನ ಆದ್ಮೇಲೆ ನೀನು ಅನುಮಾನದ ಪಟ್ಟೀಲಿ ಇಲ್ಲ ಅಂತ ಒಂದು ಪತ್ರ ಬಂತು. ನಿಜವಾದ ಬಾಂಬರ್ ತಪ್ಪೊಪ್ಪಿಕೊಂಡಿದ್ದು 2005ರಲ್ಲಿ. ಎರಡೇ ವರ್ಷಕ್ಕೆ, 2007ರಲ್ಲಿ, ಜ್ಯುವೆಲ್ 44 ವಯಸ್ಸಿಗೇ ತೀರ್ಕೊಂಡ.

ಬ್ರಿಸ್ಟಲ್‌ನಲ್ಲಿ 2010ರ ಕೊನೇಲಿ ಯುವತಿಯೊಬ್ಳ ಕೊಲೆ ಆದಾಗ ಅವಳ ಮನೆ ಮಾಲೀಕ, ನಿವೃತ್ತ ಮೇಷ್ಟ್ರು, ಅವ್ರನ್ನ ಪೊಲೀಸ್ರು ವಿಚಾರಣೆಗೆ ಕರ್ಕೊಂಡು ಹೋದ್ರು. ಪೇಪರ್‌ಗಳು ಅವ್ರ ಕೆದರಿದ ಕೂದಲನ್ನೇ ಅಪರಾಧ ಮಾಡಿಬಿಟ್ವು, ವಿಚಿತ್ರ ಮನುಷ್ಯ ಅಂತ ಪುಟಗಟ್ಲೆ. ಕೊಂದಿದ್ದು ಪಕ್ಕದ ಫ್ಲಾಟಿನವ್ನು. 2011ರಲ್ಲಿ ಎಂಟು ಪತ್ರಿಕೆಗಳು ಮಾನನಷ್ಟ ಪರಿಹಾರ ಕೊಟ್ವು, ಅದ್ರಲ್ಲಿ ಎರಡಕ್ಕೆ ನ್ಯಾಯಾಂಗ ನಿಂದನೆ ದಂಡನೂ ಬಿತ್ತು. ದಂಡ ಕಟ್ಟಿ ಎದ್ದು ಹೋದ್ರು. ಆ ಮೇಷ್ಟ್ರ ಮುಖ ನೋಡಿದ್ರೆ ಜನಕ್ಕೆ ಈಗ್ಲೂ ಏನು ನೆನಪಾಗತ್ತೆ ಹೇಳಿ.

ಲೆಕ್ಕದ_ಮಾಸ್ಟ್ರು

ಸೆಂಟ್ರಲ್ ಪಾರ್ಕ್ ಬಿಟ್ರಿ. 1989, ನ್ಯೂಯಾರ್ಕಿನ ಆ ಪಾರ್ಕಲ್ಲಿ ಓಡ್ತಿದ್ದ ಹೆಂಗಸಿನ ಮೇಲೆ ಅತ್ಯಾಚಾರ ಆಯ್ತು, ಆರೋಪ ಬಿದ್ದಿದ್ದು ಐದು ಹುಡುಗ್ರ ಮೇಲೆ, ಹದಿನಾಲ್ಕರಿಂದ ಹದಿನಾರು ವಯಸ್ಸು, ಕಪ್ಪು ಮತ್ತೆ ಲ್ಯಾಟಿನೋ. ಪೇಪರಲ್ಲಿ ಅವ್ರನ್ನ "ತೋಳಗಳ ಹಿಂಡು" ಅಂತ ಕರೆದ್ರು. ಡೊನಾಲ್ಡ್ ಟ್ರಂಪ್ ನಾಲ್ಕು ಪತ್ರಿಕೇಲಿ ಪೂರ್ತಿ ಪುಟ ಜಾಹೀರಾತು ಕೊಟ್ಟು ಮರಣದಂಡನೆ ವಾಪಸ್ ತನ್ನಿ ಅಂದ. ಡಿಎನ್‌ಎ ಅವ್ರ್ಯಾರಿಗೂ ಹೊಂದ್ತಿರ್ಲಿಲ್ಲ, ಅದು ವಿಚಾರಣೆ ಟೈಮಲ್ಲೇ ಗೊತ್ತಿತ್ತು! 2002ರಲ್ಲಿ ಬೇರೊಬ್ಬ ಕೈದಿ ನಾನೇ ಮಾಡಿದ್ದು ಅಂದ, ಡಿಎನ್‌ಎ ಅವ್ನದ್ದೇ. ಅಷ್ಟರಲ್ಲಿ ಆ ಹುಡುಗ್ರ ಹರೆಯ ಜೈಲಲ್ಲಿ ಕಳೆದೋಯ್ತು. "ತೋಳ" ಅಂತ ಒಂದು ಸಲ ಅಂದ್ಮೇಲೆ ಹದಿನಾಲ್ಕರ ಹುಡುಗನ್ನ ಹುಡುಗ ಅಂತ ಯಾರು ನೋಡ್ತಾರೆ.

ಇದು ಬರೀ ಪೇಪರ್ ತಪ್ಪಲ್ಲ, ನಮ್ ತಲೇಲೂ ಒಂದು ಸ್ಕ್ರಿಪ್ಟ್ ರೆಡಿ ಇರತ್ತೆ. ಗಿಲಿಯಂ ಮತ್ತೆ ಅಯ್ಯಂಗಾರ್ (ಹೌದು, ಶಾಂತೋ ಅಯ್ಯಂಗಾರ್) ಲಾಸ್ ಏಂಜಲೀಸಲ್ಲಿ ಒಂದು ಪ್ರಯೋಗ ಮಾಡಿದ್ರು. ಒಂದು ಅಪರಾಧ ಸುದ್ದಿ, ಆರೋಪಿ ಮುಖ ಕೆಲವ್ರಿಗೆ ಕಪ್ಪಾಗಿ, ಕೆಲವ್ರಿಗೆ ಬಿಳಿಯಾಗಿ, ಕೆಲವ್ರಿಗೆ ಆರೋಪಿನೇ ಇಲ್ಲದಂಗೆ ತೋರಿಸಿದ್ರು. ಆರೋಪಿನ ತೋರಿಸದೇ ಇದ್ದವ್ರಲ್ಲೇ ನೂರಕ್ಕೆ 60ರ ಮೇಲೆ ಜನ "ನೋಡಿದ್ವಿ" ಅಂದ್ರು. ಹಂಗಂದವ್ರಲ್ಲಿ ನೂರಕ್ಕೆ 70ರಷ್ಟು ಜನ "ಕಪ್ಪು ಮನುಷ್ಯ" ಅಂದ್ರು. ಇಲ್ಲದ ಮನುಷ್ಯಂಗೆ ಬಣ್ಣ ಕೊಟ್ರು ಸ್ವಾಮಿ.

ಗುಬ್ಬಚ್ಚಿಗೂಡು

ಮೈ ಜುಂ ಅಂತು.

ಭಯೋತ್ಪಾದನೆ ಸುದ್ದಿಲೂ ಹಿಂಗೇ. 2006ರಿಂದ 2015ರವರೆಗೆ ಅಮೆರಿಕದಲ್ಲಿ ನಡೆದ ದಾಳಿಗಳನ್ನ ತಗೊಂಡು ಎರಿನ್ ಕರ್ನ್ಸ್ ಮತ್ತೆ ಜೊತೆಗಾರರು ನೋಡಿದ್ರು, ಬೇರೆಲ್ಲ ಒಂದೇ ಥರ ಇದ್ರೂ ದಾಳಿಕೋರ ಮುಸ್ಲಿಂ ಆಗಿದ್ರೆ ಸುದ್ದಿ ಶೇ. 357 ಜಾಸ್ತಿ. ಒಬ್ರು ಮಾಡಿದ್ರೆ "ಮಾನಸಿಕ ಅಸ್ವಸ್ಥ, ಒಂಟಿ ಜೀವಿ", ಇನ್ನೊಬ್ರು ಮಾಡಿದ್ರೆ ಇಡೀ ಸಮುದಾಯ ಉತ್ತರ ಕೊಡ್ಬೇಕು. ಸುದ್ದಿ ನೋಡ್ವಾಗ ಹೆಸರು ಬರೋವರೆಗೂ ಉಸಿರು ಹಿಡ್ಕೊಂಡು ಕೂರೋ ಮನೆಗಳಿವೆ, "ನಮ್ಮವ್ನಲ್ಲದಿದ್ರೆ ಸಾಕಪ್ಪ" ಅಂತ. ಆ ಭಯ ಯಾವ ಸರ್ವೇಲೂ ಬರಲ್ಲ.

ಸುಮ್ನೆ_ಓದುಗ

ನಾನು ಟಿವಿ ಬಿಟ್ಟು ಮೂರು ವರ್ಷ ಆಯ್ತು ಅಂತ ಜಂಬ ಕೊಚ್ಚೋಣ ಅಂತ ಬಂದೆ. ಆಮೇಲೆ ನೆನಪಾಯ್ತು, ನಿನ್ನೆ ರಾತ್ರಿ ಒಂದು ಸಿಸಿಟಿವಿ ಕ್ಲಿಪ್ ಪೂರ್ತಿ ನೋಡ್ದೆ, ಅದಾದ್ಮೇಲೆ ಫೋನ್ ತಾನಾಗೇ ಇನ್ನೂ ನಾಲ್ಕು ತೋರಿಸ್ತು, ನಾಲ್ಕೂ ಬೇರೆ ಬೇರೆ ದೇಶದ್ದು, ಯಾವ ವರ್ಷದ್ದೋ ಏನೋ. ಟಿವಿಯವ್ರಿಗೆ ಅಟ್‌ಲೀಸ್ಟ್ ಅಷ್ಟು ಕೊಲೆ ಸಿಗ್ಬೇಕಿತ್ತು. ಫೋನಿಗೆ ಜಗತ್ತಿನ ಎಲ್ಲಾ ಕೊಲೆನೂ ಲೋಕಲ್ ಸುದ್ದಿನೇ.

ಹಳೇ_ಕ್ರೈಂಬೀಟ್

ಅದೇ ನೋಡಿ. ನಮ್ ಕಾಲದಲ್ಲಿ ತಪ್ಪು ಮಾಡಿದ್ರೆ ಕೇಸ್ ಹಾಕೋಕಾದ್ರೂ ಒಂದು ವಿಳಾಸ ಇತ್ತು. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಆದಾಗ ರೆಡಿಟ್ ಅನ್ನೋ ಚರ್ಚೆ ಸೈಟಲ್ಲಿ ಜನ ಫೋಟೋ ಜೂಮ್ ಮಾಡಿ ಮಾಡಿ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿನೇ ಬಾಂಬರ್ ಅಂತ ತೀರ್ಮಾನ ಮಾಡಿದ್ರು. ಅವ್ನ ಮನೆಯವ್ರು ಮೊದಲೇ ಹುಡುಕ್ತಾ ಕಂಗಾಲಾಗಿದ್ರು. ಆ ಹುಡುಗ ಅಷ್ಟೊತ್ತಿಗಾಗ್ಲೇ ಸತ್ತಿದ್ದ, ಶವ ಆಮೇಲೆ ನದೀಲಿ ಸಿಕ್ತು. ಸೈಟಿನವ್ರು ಕ್ಷಮೆ ಕೇಳಿದ್ರು. ಆದ್ರೆ ಅವತ್ತು ಷೇರ್ ಮಾಡಿದ ಸಾವಿರಾರು ಜನರಲ್ಲಿ ಯಾರು ಯಾರ ಹತ್ರ ಕ್ಷಮೆ ಕೇಳ್ಬೇಕು?

ನೇರಮಾತು

ಇದನ್ನ ಓದ್ತಾ ನಮ್ ಫ್ಯಾಮಿಲಿ ಗ್ರೂಪಲ್ಲಿ ಹೋದ ತಿಂಗಳು ನಾನೇ ಫಾರ್ವರ್ಡ್ ಮಾಡಿದ್ದ "ಮಕ್ಕಳ ಕಳ್ಳರ ಗ್ಯಾಂಗ್" ವಿಡಿಯೋ ಡಿಲೀಟ್ ಮಾಡೋಕೆ ಹೋದೆ. ಟೈಮ್ ಮುಗ್ದಿದೆ, ಡಿಲೀಟ್ ಫಾರ್ ಎವ್ರಿವನ್ ಬರ್ತಿಲ್ಲ.

ಒಂಟಿಸೇತುವೆ

ಅಪ್‌ಡೇಟ್. @ಹಳೇ_ಕ್ರೈಂಬೀಟ್ ಹೇಳಿದಂಗೆ ಅಮ್ಮಂಗೆ ಎಣಿಸೋಕೆ ಹೇಳಿದೆ. ಹಳೇ ಕ್ಯಾಲೆಂಡರ್ ಹಿಂದೆ ಗೆರೆ ಹಾಕ್ಕೊಂಡು ಕೂತಿದ್ರಂತೆ, ಶ್ರದ್ಧೆಯಿಂದ. ರಾತ್ರಿ ಫೋನ್ ಮಾಡಿದ್ರು. ತೋರಿಸಿದ್ದು ಮೂವತ್ತೊಂದು ಸಲ. ಕೊಲೆ ಎರಡು. ಅದ್ರಲ್ಲಿ ಒಂದು ಹೋದ ವಾರದ್ದು, ಆರೋಪಿನ ಕೋರ್ಟಿಗೆ ಕರ್ಕೊಂಡು ಹೋದ್ರು ಅಂತ ಹಳೇ ವಿಡಿಯೋನೇ ಮತ್ತೆ.

ನಂಗೆ ಖುಷಿಯೋ ಖುಷಿ. "ನೋಡಿದ್ಯಾ ಅಮ್ಮ, ಎರಡೇ!" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು, "ಎರಡಾದ್ರೂ ಆಗಿದ್ಯಲ್ಲೋ" ಅಂದ್ರು. ಬಾಗ್ಲು ಹಾಕಿದ್ಯಾ ಅಂತ ನನ್ನನ್ನೂ ಕೇಳಿದ್ರು. ಎದ್ದು ನೋಡ್ಕೊಂಡು ಬಂದೆ.